ಮನೆ ಬಿಗಿಯಾದಷ್ಟೂ ಒಲೆಗೆ ಉಸಿರು ಕಡಿಮೆ

ಚಳಿಗಾಲ ಬಂತೆಂದರೆ ಜಗತ್ತಿನ ಯಾವುದೋ ಒಂದು ಮೂಲೆಯಿಂದ ಒಂದೇ ಬಗೆಯ ಸುದ್ದಿ ಬರುತ್ತದೆ. ರಾತ್ರಿ ಹೀಟರ್ ಹಚ್ಚಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ, ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ. ತಲೆಬರಹದಲ್ಲಿ 'ಅನಿಲ ಸೋರಿಕೆ' ಎಂದಿರುತ್ತದೆ. ಆದರೆ ಇಂಥ ಸಾವುಗಳಲ್ಲಿ ಸಾಮಾನ್ಯವಾಗಿ ಅನಿಲ ಸೋರಿರುವುದೇ ಇಲ್ಲ. ಸೋರಿದ್ದರೆ ಮೂಗಿಗೆ ತಿಳಿಯುತ್ತಿತ್ತು. ಎಲ್‌ಪಿಜಿಗೆ ಮರ್ಕ್ಯಾಪ್ಟನ್ ಎಂಬ ಘಾಟು ವಾಸನೆಯ ರಾಸಾಯನಿಕ ಬೆರೆಸುವುದೇ ಅದಕ್ಕಾಗಿ. ಇಲ್ಲಿ ಅನಿಲ ಸರಿಯಾಗಿಯೇ ಬರ್ನರ್‌ಗೆ ಬಂದಿದೆ, ಹೊತ್ತಿಕೊಂಡಿದೆ, ಉರಿದಿದೆ. ಕೊರತೆ ಬಿದ್ದದ್ದು ಗಾಳಿಗೆ. ಗಾಳಿ ಸಾಲದ ಉರಿಯಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಗಂಟಲು ಕೆರೆಯುವ ಗುಣವೂ ಇಲ್ಲ.

ಇದನ್ನು ಸೋರಿಕೆ ಎಂದು ಬರೆದುಬಿಟ್ಟರೆ ಓದಿದವರು ತಮ್ಮ ಮನೆಯ ರಬ್ಬರ್ ಪೈಪು, ರೆಗ್ಯುಲೇಟರ್ ನೋಡಿ ಸಮಾಧಾನಪಟ್ಟುಕೊಳ್ಳುತ್ತಾರೆ. ನೋಡಬೇಕಾದದ್ದು ಕಿಟಕಿಯನ್ನು, ಬಾಗಿಲ ಸಂದನ್ನು, ಹೊಗೆಕೊಳವೆಯನ್ನು. ಒಲೆ, ಗ್ಯಾಸ್ ಗೀಸರ್, ಸೌದೆಯ ಸ್ಟವ್, ಇಡೀ ಮನೆಗೆ ಬಿಸಿ ಗಾಳಿ ಹರಿಸುವ ಫರ್ನೇಸ್, ಹೀಗೆ ಮನೆಯೊಳಗೆ ಏನನ್ನಾದರೂ ಉರಿಸುವ ಯಾವ ಉಪಕರಣವಾದರೂ ಮೊದಲು ಕೇಳಬೇಕಾದದ್ದು ಎರಡೇ: ಉರಿಗೆ ಗಾಳಿ ಎಲ್ಲಿಂದ ಬರುತ್ತದೆ, ಉರಿದ ಅನಿಲ ಎಲ್ಲಿಗೆ ಹೋಗುತ್ತದೆ. ಕೊಳ್ಳುವಾಗ ಎಲ್ಲರೂ ವಿಚಾರಿಸುವುದು ಮಾತ್ರ ಎಷ್ಟು ಬೇಗ ಬಿಸಿಯಾಗುತ್ತದೆ, ಎಷ್ಟು ಇಂಧನ ತಿನ್ನುತ್ತದೆ ಎಂದು.

ಈ ಪ್ರಶ್ನೆಗಳು ಈಗ ಹೆಚ್ಚು ತುರ್ತಾಗಿರುವುದಕ್ಕೆ ಕಾರಣ ಉಪಕರಣಗಳಲ್ಲ, ಮನೆಗಳು. ಹಳೆಯ ಮನೆಯಲ್ಲಿ ಕಿಟಕಿಯ ಸಂದು, ಬಾಗಿಲಡಿಯ ಕಿಂಡಿ, ಹೆಂಚಿನ ನಡುವಿನ ಬಿರುಕು ಎಲ್ಲವೂ ಯಾರ ಅಪ್ಪಣೆಯೂ ಇಲ್ಲದೆ ಗಾಳಿ ತರುತ್ತಿದ್ದವು. ಈಗ ಶಾಖ ಉಳಿಸಲು, ದೂಳು ಮತ್ತು ಸದ್ದು ತಡೆಯಲು ರಬ್ಬರ್ ಗ್ಯಾಸ್ಕೆಟ್ ಇರುವ ಕಿಟಕಿ ಬಂದಿವೆ, ಸಂದುಗಳಿಗೆ ಫೋಮ್ ತುಂಬಿದ್ದೇವೆ. ಮನೆ ಎಷ್ಟು ಬಿಗಿ ಎಂಬುದನ್ನು ಅಳೆಯಲು ಬಾಗಿಲಿಗೆ ಒಂದು ದೊಡ್ಡ ಫ್ಯಾನ್ ಕೂರಿಸಿ ಒಳಹೊರಗಿನ ಒತ್ತಡದಲ್ಲಿ 50 ಪ್ಯಾಸ್ಕಲ್ ವ್ಯತ್ಯಾಸ ಬರುವಂತೆ ಮಾಡುತ್ತಾರೆ. ಆಗ ಮನೆಯ ಗಾಳಿ ಗಂಟೆಗೆ ಎಷ್ಟು ಸಲ ಬದಲಾಗುತ್ತದೆ ಎಂಬುದೇ ಅಳತೆ. ಸೋರುವ ಹಳೆಯ ಮನೆಯಲ್ಲಿ ಇದು 10 ಅಥವಾ ಅದಕ್ಕೂ ಹೆಚ್ಚು. ಶಾಖ ಸೋರದಂತೆ ಕಟ್ಟುವ ಮನೆಗಳಿಗೆಂದಿರುವ ಪ್ಯಾಸಿವ್ ಹೌಸ್ ಮಾನದಂಡದ ಮನೆಯಲ್ಲಿ 0.6 ಮೀರುವಂತಿಲ್ಲ. ಸಾಮಾನ್ಯ ದಿನಗಳಲ್ಲಿ ತಾನಾಗಿ ಬದಲಾಗುವ ಗಾಳಿ ಈ ಅಳತೆಯ ಇಪ್ಪತ್ತರಲ್ಲಿ ಒಂದು ಪಾಲು ಎಂಬುದು ಕಸುಬಿನವರ ಅಂದಾಜು. 250 ಘನ ಮೀಟರ್ ಗಾತ್ರದ ಮನೆ ಎಂದಿಟ್ಟುಕೊಂಡರೆ ಹಳೆಯದಕ್ಕೆ ಗಂಟೆಗೆ 125 ಘನ ಮೀಟರ್ ಹೊಸ ಗಾಳಿ, ಬಿಗಿಯಾದದ್ದಕ್ಕೆ ಏಳೂವರೆ. ಗಂಟೆಗೆ 2 ಕೆಜಿ ಸೌದೆ ಉರಿಸುವ ಸ್ಟವ್ ಒಂದಕ್ಕೇ ಸುಮಾರು 20 ಘನ ಮೀಟರ್ ಗಾಳಿ ಬೇಕು. ಹಳೆಯ ಮನೆಯಲ್ಲಿ ಲೆಕ್ಕಕ್ಕೇ ಬಾರದ ಆ 20, ಬಿಗಿ ಮನೆಯಲ್ಲಿ ಸಿಗುವುದೇ ಇಲ್ಲ.

ಹಾಗೆಂದು ಮನೆ ಬಿಗಿ ಮಾಡುವುದೇ ತಪ್ಪು ಎನ್ನಲಾಗದು. ತಪ್ಪಿರುವುದು ಮನೆಯನ್ನು ಬಿಗಿ ಮಾಡಿ ಒಳಗಿನ ಒಲೆಯನ್ನು ಮೊದಲಿನಂತೆಯೇ ಬಿಟ್ಟಿರುವುದರಲ್ಲಿ.

ಚಿಕ್ಕ ಬಚ್ಚಲು, ದೊಡ್ಡ ಬರ್ನರ್

ಗಾಳಿಯ ಲೆಕ್ಕ ಎಷ್ಟು ಬೇಗ ಕೈಮೀರುತ್ತದೆ ಎಂಬುದನ್ನು ನೋಡಲು ಬಚ್ಚಲುಮನೆಯ ಗ್ಯಾಸ್ ಗೀಸರ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು ನೀರಿಗೆ 10.5 ಕಿಲೋವ್ಯಾಟ್ ಶಾಖ ಸೇರಬೇಕು. ಹೊಗೆಯ ಜೊತೆ ಹೋಗುವ ನಷ್ಟ ಸೇರಿಸಿದರೆ ಬರ್ನರ್ ಸುಮಾರು 12.5 ಕಿಲೋವ್ಯಾಟ್. ಅಡುಗೆ ಒಲೆಯ ದೊಡ್ಡ ಬರ್ನರ್ ಸಾಮಾನ್ಯವಾಗಿ 3 ಕಿಲೋವ್ಯಾಟ್ ಆಸುಪಾಸಿನದು. ಅಂದರೆ ಅಂಥ ನಾಲ್ಕು ಬರ್ನರ್‌ಗಳನ್ನು ಪೂರ್ತಿ ತೆರೆದಂತೆ. ಅಷ್ಟು ಶಾಖಕ್ಕೆ ಗಂಟೆಗೆ ಹೆಚ್ಚುಕಡಿಮೆ 1 ಕೆಜಿ ಎಲ್‌ಪಿಜಿ ಉರಿಯುತ್ತದೆ. 1 ಕೆಜಿ ಎಲ್‌ಪಿಜಿ ಪೂರ್ತಿ ಉರಿಯಲು ಕನಿಷ್ಠ 13 ಘನ ಮೀಟರ್ ಗಾಳಿ ಬೇಕು.

ಈಗ ಬಚ್ಚಲನ್ನು ಅಳೆಯೋಣ. 2 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, 2.4 ಮೀಟರ್ ಎತ್ತರ, ಒಟ್ಟು 7.2 ಘನ ಮೀಟರ್. ಬಾಗಿಲು ಮುಚ್ಚಿದೆ, ಕಿಟಕಿ ಮುಚ್ಚಿದೆ, ಗೀಸರ್‌ಗೆ ಹೊಗೆಕೊಳವೆ ಇಲ್ಲ. ಗೀಸರ್ ನಿಮಿಷಕ್ಕೆ 0.22 ಘನ ಮೀಟರ್ ಗಾಳಿಯ ಆಮ್ಲಜನಕವನ್ನು ತಿನ್ನುತ್ತ ಹೋಗುತ್ತದೆ, ಉರಿದ ಅನಿಲವನ್ನು ಅದೇ ಕೋಣೆಗೆ ಬಿಡುತ್ತದೆ. ಗಾಳಿಯಲ್ಲಿ 21 ಶೇಕಡಾ ಇದ್ದ ಆಮ್ಲಜನಕ ಹದಿನೆಂಟೂವರೆಗೆ ಇಳಿಯಲು ಬೇಕಾಗುವುದು ಸುಮಾರು 4 ನಿಮಿಷ. ಆ ಮಟ್ಟದಲ್ಲಿ ಮನುಷ್ಯನಿಗೆ ಉಸಿರುಕಟ್ಟಿದ ಅನುಭವವಾಗುವುದಿಲ್ಲ. ಜ್ವಾಲೆಗೆ ಆಗುತ್ತದೆ. ಇಂಗಾಲ ಉರಿಯುವಾಗ ಮೊದಲು ಕಾರ್ಬನ್ ಮಾನಾಕ್ಸೈಡ್ ಆಗಿ, ಆಮೇಲೆ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಈ ಎರಡನೆಯ ಹೆಜ್ಜೆ ನಿಧಾನದ್ದು; ಅದಕ್ಕೆ ಕಾವೂ ಬೇಕು, ಬಿಡಿ ಆಮ್ಲಜನಕವೂ ಬೇಕು. ಆಮ್ಲಜನಕ ಇಳಿದಾಗ ಜ್ವಾಲೆ ಉದ್ದವಾಗಿ, ಮೆತ್ತಗಾಗಿ, ನೀರಿಗೆ ಶಾಖ ದಾಟಿಸುವ ಮೇಲಿನ ತಾಮ್ರದ ರೆಕ್ಕೆಗಳಿಗೆ ತಾಗುತ್ತದೆ. ಒಳಗೆ ತಣ್ಣೀರು ಹರಿಯುವ ಲೋಹಕ್ಕೆ ತಾಗಿದ ಜ್ವಾಲೆ ಅಲ್ಲೇ ತಣಿದು, ಎರಡನೆಯ ಹೆಜ್ಜೆ ನಡುವೆಯೇ ನಿಲ್ಲುತ್ತದೆ. ಮಾನಾಕ್ಸೈಡ್ ಕೋಣೆಗೆ ಬರುತ್ತದೆ.

ಇಲ್ಲಿಂದ ಕೆಡುಕು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಹಳದಿ ಜ್ವಾಲೆ ಮಸಿ ಬಿಡುತ್ತದೆ, ಮಸಿ ರೆಕ್ಕೆಗಳ ನಡುವೆ ಕೂರುತ್ತದೆ, ಸಂದು ಕಟ್ಟಿಕೊಂಡಷ್ಟೂ ಬರ್ನರ್‌ಗೆ ಗಾಳಿ ಕಡಿಮೆ, ಗಾಳಿ ಕಡಿಮೆಯಾದಷ್ಟೂ ಮಸಿ ಹೆಚ್ಚು. ಕೆಲವು ತಿಂಗಳ ಹಿಂದೆ ತೊಂದರೆ ಕೊಡದಿದ್ದ ಗೀಸರ್ ಇಂದು ಕೊಡುವುದು ಹೀಗೆ. ಮೇಲಿನ ಮುಚ್ಚಳದ ಸುತ್ತ ಕಪ್ಪು ಕಲೆ ಕಂಡರೆ ಒರೆಸಿ ಸುಮ್ಮನಾಗಬಾರದು; ಬರ್ನರ್, ರೆಕ್ಕೆ ಎರಡನ್ನೂ ಬಿಚ್ಚಿ ತೊಳೆಯುವವರೆಗೆ ಅದನ್ನು ಹಚ್ಚದಿರುವುದೇ ಸರಿ.

ಹೊಗೆಕೊಳವೆ ಇಲ್ಲದ ಹೀಟರ್ ಮತ್ತು ಗೀಸರ್‌ಗಳಲ್ಲಿ ಕೆಲವಕ್ಕೆ ಆಮ್ಲಜನಕ ಕುಸಿದಾಗ ಅನಿಲ ನಿಲ್ಲಿಸುವ ಏರ್ಪಾಡು ಇರುತ್ತದೆ. ಕೆಲಸ ಸರಳ. ಬರ್ನರ್ ಪಕ್ಕದಲ್ಲಿ ಉರಿಯುತ್ತಲೇ ಇರುವ ಪುಟ್ಟ ಪೈಲಟ್ ಜ್ವಾಲೆ ಒಂದು ಥರ್ಮೋಕಪಲ್‌ನ ತುದಿಯನ್ನು ಸದಾ ಕಾಯಿಸುತ್ತಿರುತ್ತದೆ. ಆ ಕಾವಿನಿಂದ ಹುಟ್ಟುವ ಕೆಲವೇ ಮಿಲಿವೋಲ್ಟ್ ವಿದ್ಯುತ್ತು ಅನಿಲದ ವಾಲ್ವನ್ನು ತೆರೆದು ಹಿಡಿದಿರುತ್ತದೆ. ಆಮ್ಲಜನಕ 18 ಶೇಕಡಾ ಆಸುಪಾಸಿಗೆ ಬಂದಾಗ ಪೈಲಟ್ ಜ್ವಾಲೆ ತನ್ನ ರಂಧ್ರ ಬಿಟ್ಟು ಮೇಲಕ್ಕೆ ಎದ್ದು, ಥರ್ಮೋಕಪಲ್‌ನಿಂದ ದೂರವಾಗುತ್ತದೆ. ತುದಿ ತಣಿಯುತ್ತದೆ, ವಾಲ್ವ್ ಮುಚ್ಚುತ್ತದೆ. ಹೀಟರ್ 'ಪದೇ ಪದೇ ಆರಿಹೋಗುತ್ತದೆ' ಎಂಬ ದೂರಿಗೆ ಥರ್ಮೋಕಪಲ್ಲನ್ನು ಬಗ್ಗಿಸಿ ಜ್ವಾಲೆಯ ಹತ್ತಿರಕ್ಕೆ ತಂದುಕೊಡುವ ರಿಪೇರಿಯೊಂದು ಚಾಲ್ತಿಯಲ್ಲಿದೆ. ಅದು ರಿಪೇರಿಯಲ್ಲ, ಕಾವಲು ತೆಗೆಯುವುದು. ಆರುತ್ತಿರುವುದಕ್ಕೆ ಕಾರಣ ಪೈಲಟ್‌ನ ಗಾಳಿರಂಧ್ರದಲ್ಲಿ ಕೂತ ದೂಳು ಅಥವಾ ಜೇಡದ ಬಲೆ ಇರಬಹುದು, ಇಲ್ಲವೇ ಕೋಣೆಯಲ್ಲಿ ನಿಜಕ್ಕೂ ಆಮ್ಲಜನಕ ಸಾಲದಿರಬಹುದು. ಇನ್ನೊಂದು ಮಾತು: ಈ ಕಾವಲು ಅಳೆಯುವುದು ಆಮ್ಲಜನಕವನ್ನು, ಮಾನಾಕ್ಸೈಡನ್ನಲ್ಲ. ಬರ್ನರ್ ಕೊಳಕಾಗಿದ್ದರೆ 20 ಶೇಕಡಾ ಆಮ್ಲಜನಕವಿದ್ದಾಗಲೂ ವಿಷ ಹುಟ್ಟುತ್ತದೆ. ಪೈಲಟ್ ಜ್ವಾಲೆಗೆ ಅದು ತಿಳಿಯುವುದಿಲ್ಲ.

ಎಕ್ಸಾಸ್ಟ್ ಫ್ಯಾನ್ ಇದ್ದರೆ ಸಾಕು ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಹೊರಗೆ ಹೋದಷ್ಟೇ ಗಾಳಿ ಒಳಗೆ ಬರಲು ಕೆಳಗೆ ಜಾಗವಿರಬೇಕು. ಅದಿಲ್ಲದೆ ಮುಚ್ಚಿದ ಕೋಣೆಯಲ್ಲಿ ಫ್ಯಾನ್ ತಿರುಗಿದರೆ ಗಾಳಿ ಅಷ್ಟಾಗಿ ಕದಲುವುದಿಲ್ಲ. ಗೀಸರ್‌ಗೆ ಹೊಗೆಕೊಳವೆ ಇದ್ದರಂತೂ ಫ್ಯಾನ್ ಆ ಕೊಳವೆಯಿಂದಲೇ ಗಾಳಿ ಎಳೆದುಕೊಂಡು ಹೊಗೆಯನ್ನು ಕೆಳಕ್ಕೆ ತರುತ್ತದೆ. ಒಂದೂವರೆ ಮೀಟರ್ ಎತ್ತರದ, 120 ಡಿಗ್ರಿ ಕಾವಿನ ಕೊಳವೆಯ ಸೆಳೆತ (ಹೊಗೆಯನ್ನು ಮೇಲಕ್ಕೆ ಎಳೆಯುವ ಬಲ) ಐದು ಪ್ಯಾಸ್ಕಲ್‌ಗಿಂತ ಕಡಿಮೆ. ಚಿಕ್ಕ ಕೋಣೆಯಲ್ಲಿ ಸಾಧಾರಣ ಫ್ಯಾನ್ ಅದನ್ನು ಸುಲಭವಾಗಿ ಸೋಲಿಸುತ್ತದೆ.

ನೇರವಾಗಿ ಹೇಳುವುದಾದರೆ ಹೊಗೆಕೊಳವೆಯಿಲ್ಲದ ಗೀಸರ್ ಬಚ್ಚಲಿನೊಳಗೆ ಇರಲೇಬಾರದು. ಹೊರಗೋಡೆಗೆ, ಗಾಳಿಯಾಡುವ ಜಾಗದಲ್ಲಿ ಕೂರಿಸಿ ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತರಬೇಕು. ಅದು ಆಗುವವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿಕೊಂಡು, ಗೀಸರ್ ಆರಿಸಿ, ಆಮೇಲೆ ಸ್ನಾನಕ್ಕೆ ಹೋಗುವುದು. ಹೊಗೆಕೊಳವೆ ಇರುವ ಗ್ಯಾಸ್ ಉಪಕರಣಕ್ಕೂ ಗಾಳಿಕಿಂಡಿ ಬೇಕು. ಅಮೆರಿಕದ ರಾಷ್ಟ್ರೀಯ ಇಂಧನ ಅನಿಲ ಸಂಹಿತೆ ಕೇಳುವುದು ನೇರವಾಗಿ ಹೊರಕ್ಕೆ ತೆರೆಯುವ ಎರಡು ಕಿಂಡಿ, ಒಂದು ಚಾವಣಿಯ ಬಳಿ, ಒಂದು ನೆಲದ ಬಳಿ. ಪ್ರತಿಯೊಂದೂ ಕಿಲೋವ್ಯಾಟ್‌ಗೆ ಸುಮಾರು 5.5 ಚದರ ಸೆಂಟಿಮೀಟರ್. 12.5 ಕಿಲೋವ್ಯಾಟ್‌ಗೆ ತಲಾ 70 ಚದರ ಸೆಂಟಿಮೀಟರ್ ಆಯಿತು. ಇದು ತೆರೆದ ಜಾಗದ ಅಳತೆ. ಸೊಳ್ಳೆಪರದೆ, ಪಟ್ಟಿಗಳ ಜಾಲರಿ ಹಾಕಿದರೆ ಅದರಲ್ಲಿ ದೊಡ್ಡ ಪಾಲು ಮುಚ್ಚಿಹೋಗುತ್ತದೆ. ಆಗ ಕಿಂಡಿಯನ್ನು ದೊಡ್ಡದು ಮಾಡಲೇಬೇಕು.

ಹೊಗೆ ಕಾಣದ ಹೊತ್ತೇ ಹೆಚ್ಚು ಅಪಾಯ

ಹೊಗೆಕೊಳವೆಯೊಳಗೆ ಯಾವ ಯಂತ್ರವೂ ಇಲ್ಲ. ಒಳಗಿನ ಬಿಸಿ ಅನಿಲ ಹೊರಗಿನ ತಣ್ಣನೆ ಗಾಳಿಗಿಂತ ಹಗುರ, ಅದಕ್ಕೇ ಮೇಲೇರುತ್ತದೆ. ಎಷ್ಟು ಬಲವಾಗಿ ಏರುತ್ತದೆ ಎಂಬುದು ಎತ್ತರ ಮತ್ತು ಕಾವು ಎರಡನ್ನೂ ಅವಲಂಬಿಸಿದೆ. ಹೊರಗೆ 10 ಡಿಗ್ರಿ ಇರುವ ದಿನ 5 ಮೀಟರ್ ಕೊಳವೆಯೊಳಗೆ ಸರಾಸರಿ 200 ಡಿಗ್ರಿ ಇದ್ದರೆ ಸೆಳೆತ ಸುಮಾರು 25 ಪ್ಯಾಸ್ಕಲ್. 100 ಡಿಗ್ರಿಗೆ 15. 40 ಡಿಗ್ರಿಗೆ ಇಳಿದರೆ ಬರೀ 6. ಸೌದೆಯ ಸ್ಟವ್‌ಗಳನ್ನು ಸಾಮಾನ್ಯವಾಗಿ 12 ಪ್ಯಾಸ್ಕಲ್ ಸೆಳೆತಕ್ಕೆ ಹೊಂದಿಸಿ ರೂಪಿಸಿರುತ್ತಾರೆ.

ಈ ಮೂರು ಅಂಕಿಗಳನ್ನು ಒಂದು ಸಂಜೆಯ ಉರಿಯ ಮೇಲೆ ಇಟ್ಟು ನೋಡಿ. ಹೊತ್ತಿಸಿದಾಗ ಕೊಳವೆ ತಣ್ಣಗಿರುತ್ತದೆ, ಸ್ವಲ್ಪ ಹೊಗೆ ಕೋಣೆಗೆ ಬರುತ್ತದೆ, ಕಣ್ಣುರಿಯುತ್ತದೆ, ಕಿಟಕಿ ತೆರೆಯುತ್ತೇವೆ. ನಡುವೆ ಉರಿ ಜೋರಾಗಿರುವಾಗ ಸೆಳೆತವೂ ಜೋರು. ಕೊನೆಗೆ ಜ್ವಾಲೆ ನಿಂತು ಕೆಂಡ ಉಳಿಯುತ್ತದೆ. ಕೊಳವೆ ತಣಿಯುತ್ತ ಬರುತ್ತದೆ, ಸೆಳೆತ ಆರಕ್ಕೋ ಅದಕ್ಕೂ ಕೆಳಕ್ಕೋ ಇಳಿಯುತ್ತದೆ. ಕೆಂಡ ಎಂದರೆ ಬಹುಮಟ್ಟಿಗೆ ಶುದ್ಧ ಇಂಗಾಲ. ಅದರಿಂದ ಹೊಗೆ ಬರುವುದಿಲ್ಲ, ಕಣ್ಣುರಿಯುವುದಿಲ್ಲ, ಆದರೆ ಕಾರ್ಬನ್ ಮಾನಾಕ್ಸೈಡ್ ಧಾರಾಳವಾಗಿ ಬರುತ್ತದೆ. ಮಾನಾಕ್ಸೈಡ್ ಹೆಚ್ಚು, ಸೆಳೆತ ಕಡಿಮೆ, ಮೂಗಿಗೆ ಸುಳಿವಿಲ್ಲ, ಮನೆಮಂದಿ ಮಲಗಿದ್ದಾರೆ: ನಾಲ್ಕೂ ಒಂದೇ ಹೊತ್ತಿನಲ್ಲಿ ಕೂಡಿಬರುತ್ತವೆ. ಹೊಗೆ ನಿಂತಿತೆಂದು ಕೊಳವೆಯೊಳಗಿನ ತಡೆತಟ್ಟೆಯನ್ನು (ಡ್ಯಾಂಪರ್) ಪೂರ್ತಿ ಮುಚ್ಚಿ ಮಲಗುವ ಅಭ್ಯಾಸ ಈ ಕಾರಣಕ್ಕೆ ಅಪಾಯದ್ದು. ಇದ್ದಿಲು ತುಂಬಿದ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಗೆ ತರುವುದಂತೂ ಇನ್ನೂ ಕೆಟ್ಟದ್ದು. ಅದಕ್ಕೆ ಕೊಳವೆಯೂ ಇಲ್ಲ. ಕಿಟಕಿಯನ್ನು ಬೆರಳಗಲ ತೆರೆದಿಟ್ಟರೂ ಅದು ಸುರಕ್ಷಿತವಾಗುವುದಿಲ್ಲ.

ಇದೇ ಹೊತ್ತಿಗೆ ಅಡುಗೆಮನೆಯ ಎಲೆಕ್ಟ್ರಿಕ್ ಚಿಮ್ನಿ ಓಡುತ್ತಿದೆ ಎಂದುಕೊಳ್ಳಿ. ಅದು ಗಂಟೆಗೆ ನೂರಾರು ಘನ ಮೀಟರ್ ಗಾಳಿಯನ್ನು ಹೊರಕ್ಕೆ ದಬ್ಬುತ್ತದೆ. ಬಿಗಿ ಮನೆಯಲ್ಲಿ ಅಷ್ಟು ಗಾಳಿ ಒಳಬರಲು ದಾರಿಯಿಲ್ಲದೆ ಒಳಗಿನ ಒತ್ತಡ ಕುಸಿಯುತ್ತದೆ. ಕೋಣೆಯ ಗಾಳಿಯಿಂದಲೇ ಉರಿಯುವ ಸ್ಟವ್ ಇರುವ ಮನೆಯಲ್ಲಿ ಈ ಕುಸಿತ 4 ಪ್ಯಾಸ್ಕಲ್ ಮೀರಬಾರದು ಎಂಬುದು ಜರ್ಮನಿಯ ನಿಯಮ. ಅಲ್ಲಿ ಕಿಟಕಿ ತೆರೆದಿದ್ದರೆ ಮಾತ್ರ ಚಿಮ್ನಿ ಓಡುವಂತೆ ಮಾಡುವ ಸ್ವಿಚ್ ಅಳವಡಿಸುವುದು ಸಾಮಾನ್ಯ. ಮಿತಿ ಎಷ್ಟು ಚಿಕ್ಕದಿದೆ ನೋಡಿ: ಕೆಂಡದ ಹೊತ್ತಿನ 6 ಪ್ಯಾಸ್ಕಲ್ ಸೆಳೆತದಲ್ಲಿ 4 ಹೋದರೆ ಉಳಿಯುವುದು ಎರಡೇ.

ಪರೀಕ್ಷೆ ಕಷ್ಟದ್ದಲ್ಲ, ಸಲಕರಣೆಯೂ ಬೇಕಿಲ್ಲ. ಎಲ್ಲ ಕಿಟಕಿ, ಹೊರಬಾಗಿಲು ಮುಚ್ಚಿ. ಚಿಮ್ನಿ, ಬಚ್ಚಲಿನ ಫ್ಯಾನ್, ಗಾಳಿ ಹೊರಹಾಕುವ ಬಟ್ಟೆ ಒಣಗಿಸುವ ಯಂತ್ರ, ಎಲ್ಲವನ್ನೂ ಪೂರ್ತಿ ವೇಗದಲ್ಲಿ ಓಡಿಸಿ. ಗ್ಯಾಸ್ ಉಪಕರಣ ಹಚ್ಚಿ 5 ನಿಮಿಷ ಬಿಡಿ. ಹೊಗೆಯಾಡುವ ಊದುಬತ್ತಿಯನ್ನು ಉಪಕರಣದ ಮೇಲ್ಭಾಗದಲ್ಲಿ ಕೊಳವೆ ಶುರುವಾಗುವಲ್ಲಿನ ತೆರೆದ ಅಂಚಿನ ಉದ್ದಕ್ಕೂ ನಿಧಾನವಾಗಿ ಒಯ್ಯಿರಿ. ಹೊಗೆ ಒಳಕ್ಕೆ ಎಳೆದುಕೊಂಡರೆ ಸರಿ. ಅಲುಗಾಡದೆ ನಿಂತರೂ, ಮುಖದತ್ತ ತಿರುಗಿದರೂ ಸೋತಂತೆ. ಉಪಕರಣ ಆರಿಸಿ, ಕಿಟಕಿ ತೆರೆದು, ಕಾರಣ ಹುಡುಕಬೇಕು. ಕೊಳವೆಯಲ್ಲಿ ಹಕ್ಕಿಗೂಡು, ಕಳಚಿದ ಜೋಡಣೆ, ತುದಿಯ ಜಾಲರಿಯಲ್ಲಿ ಕಟ್ಟಿದ ಮಸಿ, ಅಡ್ಡಕ್ಕೆ ಉದ್ದವಾಗಿ ಎಳೆದ ಪೈಪು, ಇವೇ ಸಾಮಾನ್ಯ ಅಪರಾಧಿಗಳು. ಅಡ್ಡ ಪೈಪು ತಪ್ಪದಿದ್ದರೆ ಮೀಟರಿಗೆ ಕನಿಷ್ಠ 2 ಸೆಂಟಿಮೀಟರ್ ಏರಿಕೆ ಕೊಡಬೇಕು. ಹೊಸ ಕಿಟಕಿ ಹಾಕಿಸಿದ ದಿನ, ಹೊಸ ಚಿಮ್ನಿ ಕೂರಿಸಿದ ದಿನ ಈ ಪರೀಕ್ಷೆ ಮತ್ತೆ ಆಗಲೇಬೇಕು. ಒಲೆ ಹಳೆಯದೇ ಆದರೂ ಮನೆ ಬದಲಾಗಿರುತ್ತದೆ.

ಕೊಳವೆಯನ್ನು ಮೇಲಕ್ಕೆ ಒಯ್ಯದೆ ಗೋಡೆಯಲ್ಲೇ ತೂತು ಮಾಡಿ ಹೊರಗೆ ಬಿಡುವವರು ಬಹಳ. ಸೆಕೆಂಡಿಗೆ 10 ಮೀಟರ್ ವೇಗದ ಗಾಳಿ ಆ ಗೋಡೆಗೆ ಎದುರಾಗಿ ಬೀಸಿದರೆ ಬೀಳುವ ಒತ್ತಡ ಸುಮಾರು 60 ಪ್ಯಾಸ್ಕಲ್. ಕೊಳವೆಯ ಸೆಳೆತ ಅದರ ಕಾಲು ಭಾಗವೂ ಇರುವುದಿಲ್ಲ, ಹೊಗೆ ಒಳಗೇ ತಿರುಗುತ್ತದೆ. ಹಾಗಿದ್ದರೂ ಗೋಡೆಯಲ್ಲೇ ಹೊರಬೀಳುವ ಕೊಳವೆಯ ಕೆಲವು ಗೀಸರ್, ಬಾಯ್ಲರ್‌ಗಳು ಸುರಕ್ಷಿತವಾಗಿವೆಯಲ್ಲ? ಅವುಗಳಲ್ಲಿ ಒಂದರೊಳಗೊಂದು ಎರಡು ಕೊಳವೆಗಳಿರುತ್ತವೆ. ಒಳಗಿನದರಲ್ಲಿ ಹೊಗೆ ಹೊರಕ್ಕೆ, ಹೊರಗಿನದರಲ್ಲಿ ಉರಿಗೆ ಬೇಕಾದ ಗಾಳಿ ಒಳಕ್ಕೆ. ಎರಡರ ಬಾಯಿಯೂ ಒಂದೇ ಜಾಗದಲ್ಲಿರುವುದರಿಂದ ಬೀಸುಗಾಳಿಯ ಒತ್ತಡ ಎರಡಕ್ಕೂ ಸಮನಾಗಿ ಬಿದ್ದು ವಜಾ ಆಗುತ್ತದೆ. ದಹನದ ಪೆಟ್ಟಿಗೆ ಕೋಣೆಯ ಕಡೆಗೆ ಪೂರ್ತಿ ಮುಚ್ಚಿರುತ್ತದೆ. ಚಿಮ್ನಿ ಓಡಲಿ, ಕಿಟಕಿ ಮುಚ್ಚಲಿ, ಆ ಉರಿಗೆ ಸಂಬಂಧವಿಲ್ಲ. ಗ್ಯಾಸ್ ಗೀಸರ್ ಅಥವಾ ಬಾಯ್ಲರ್ ಮನೆಯೊಳಗೇ ಇರಬೇಕು ಎಂದಾದರೆ ನನ್ನ ಮಟ್ಟಿಗೆ ಒಪ್ಪಬಹುದಾದದ್ದು ಈ ಬಗೆ ಒಂದೇ. ಬೆಲೆ ಹೆಚ್ಚು ಎಂಬ ಕಾರಣಕ್ಕೆ ಇದನ್ನು ಬಿಟ್ಟು ಒಂಟಿ ಕೊಳವೆಯದನ್ನು ತರುವುದು ಉಳಿತಾಯವಲ್ಲ.

ಸೌದೆ: ನಿಯಮ ಒಲೆಗೆ, ತಪ್ಪು ಉರಿಸುವುದರಲ್ಲಿ

ಸೌದೆಯ ಸ್ಟವ್‌ಗಳ ಮೇಲೆ ಈಚಿನ ವರ್ಷಗಳಲ್ಲಿ ನಿಯಮ ಬಿಗಿಯಾಗಿದೆ. ಅಮೆರಿಕದಲ್ಲಿ 2020ರ ಮೇ ತಿಂಗಳಿಂದ ಮಾರುವ ಹೊಸ ಸ್ಟವ್ ಗಂಟೆಗೆ 2 ಗ್ರಾಂಗಿಂತ ಹೆಚ್ಚು ಹೊಗೆಯ ಕಣ ಬಿಡುವಂತಿಲ್ಲ; ಅಲ್ಲಿಯ ಮನೆಗಳಲ್ಲಿ ಉರಿಸುವಂಥ ಸೀಳು ಸೌದೆಯಿಂದಲೇ ಪರೀಕ್ಷಿಸಿದರೆ ಮಿತಿ 2.5 ಗ್ರಾಂ. ಐರೋಪ್ಯ ಒಕ್ಕೂಟದ ನಿಯಮ 2022ರ ಜನವರಿಯಿಂದ ಜಾರಿಯಲ್ಲಿದೆ. ಈ ಅಂಕಿಗಳು ಬರುವುದು ಪ್ರಯೋಗಾಲಯದಿಂದ: ಒಣ ಸೌದೆ, ಅಳತೆಯ ತುಂಡು, ಸರಿಯಾದ ಸೆಳೆತ, ಪಳಗಿದ ಕೈ. ಅದೇ ಸ್ಟವ್‌ಗೆ ಮನೆಯಲ್ಲಿ ಹಸಿ ಸೌದೆ ತುರುಕಿ ಗಾಳಿ ಮುಚ್ಚಿದರೆ ಹೊಗೆ ಹಲವು ಪಟ್ಟಾಗುತ್ತದೆ.

ಸೌದೆಯ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬರುವುದು ಗಟ್ಟಿ ಕಟ್ಟಿಗೆಯಿಂದಲ್ಲ, ಅದು ಕಾದಾಗ ಬಿಡುವ ಅನಿಲಗಳಿಂದ. 200 ಡಿಗ್ರಿ ದಾಟುತ್ತಿದ್ದಂತೆ ಅವು ಹೊರಡುತ್ತವೆ. ಆದರೆ ಚೆನ್ನಾಗಿ ಉರಿಯಲು ಒಲೆಯೊಳಗೆ 600 ಡಿಗ್ರಿಯಷ್ಟು ಕಾವು, ಬಿಸಿ ಗಾಳಿ, ಬೆರೆಯಲು ಸ್ವಲ್ಪ ಹೊತ್ತು, ಮೂರೂ ಬೇಕು. ಒಳ್ಳೆಯ ಸ್ಟವ್‌ನ ಮೇಲ್ಭಾಗದಲ್ಲಿ ಅಡ್ಡಹಲಗೆ, ಹಿಂಗೋಡೆಯಲ್ಲಿ ಸಾಲು ರಂಧ್ರಗಳಿರುವುದು ಇದಕ್ಕೆ. ಉರಿಯದೆ ತಪ್ಪಿಸಿಕೊಂಡ ಅನಿಲವೇ ಹೊಗೆ.

ಹಸಿ ಸೌದೆಯ ನಷ್ಟವನ್ನು ಹೆಚ್ಚಿನವರು ನೀರನ್ನು ಆವಿ ಮಾಡುವ ಖರ್ಚು ಎಂದುಕೊಂಡಿದ್ದಾರೆ. ಲೆಕ್ಕ ಹಾಕಿದರೆ ಅದು ಅಷ್ಟು ದೊಡ್ಡದಲ್ಲ. ಆಗತಾನೇ ಕಡಿದ ಮರದ 1 ಕೆಜಿಯಲ್ಲಿ ಅರ್ಧ ಕೆಜಿ ನೀರಿದ್ದರೆ ಅದನ್ನು ಕಾಯಿಸಿ ಆವಿಯಾಗಿಸಲು 1.3 ಮೆಗಾಜೂಲ್, ಉಳಿದ ಅರ್ಧ ಕೆಜಿ ಒಣ ಮರದ ಶಾಖ 9 ಮೆಗಾಜೂಲ್‌ಗೂ ಹೆಚ್ಚು. ನಿಜವಾದ ಪೆಟ್ಟು ಬೇರೆ ಕಡೆ: ಆವಿ ಒಲೆಯ ಕಾವನ್ನು 600 ಡಿಗ್ರಿಯ ಕೆಳಕ್ಕೆ ಎಳೆಯುತ್ತದೆ, ಅನಿಲಗಳು ಉರಿಯದೆ ಕೊಳವೆ ಹತ್ತುತ್ತವೆ. ಕೊಳವೆಯ ಒಳಗೋಡೆ 120 ಡಿಗ್ರಿಗಿಂತ ತಣ್ಣಗಿರುವಲ್ಲಿ ಅವು ನೀರಿನ ಜೊತೆ ಸೇರಿ ಡಾಂಬರಿನಂಥ ಅಂಟಾಗಿ ಹಿಡಿಯುತ್ತವೆ. ಒಂದು ದಿನ ಜೋರು ಉರಿ ಹಾಕಿದಾಗ ಆ ಅಂಟು ಕೊಳವೆಯೊಳಗೇ ಹೊತ್ತಿಕೊಂಡು 1,000 ಡಿಗ್ರಿಯವರೆಗೂ ಏರುತ್ತದೆ, ಗೋಡೆ ಸೀಳುತ್ತದೆ, ಮಾಡಿಗೆ ಬೆಂಕಿ ತಗಲುತ್ತದೆ. ಕೊಳವೆಯನ್ನು ವರ್ಷಕ್ಕೊಮ್ಮೆಯಾದರೂ ಗುಡಿಸಲೇಬೇಕು ಎನ್ನುವುದು ಇದಕ್ಕೇ.

ಸೌದೆಯ ತೇವ 20 ಶೇಕಡಾ ಒಳಗಿರಬೇಕು. ತೇವ ಅಳೆಯುವ ಮುಳ್ಳುಗಳ ಮೀಟರನ್ನು ಸೌದೆಯ ಹೊರಮೈಗೆ ಚುಚ್ಚಿದರೆ ಸುಳ್ಳು ಅಂಕಿ ಬರುತ್ತದೆ. ಆಗಲೇ ಸೀಳಿ, ಹೊಸ ಮುಖದ ನಡುಭಾಗಕ್ಕೆ ಚುಚ್ಚಬೇಕು. ಇನ್ನೊಂದು ಗೊಂದಲ: ಹಲವು ಮೀಟರ್‌ಗಳು ನೀರನ್ನು ಒಣ ಮರದ ತೂಕಕ್ಕೆ ಹೋಲಿಸಿ ತೋರಿಸುತ್ತವೆ. ಆ ಮೀಟರಿನ 25, ಒಟ್ಟು ತೂಕದ ಲೆಕ್ಕದಲ್ಲಿ 20.

ಹೊತ್ತಿಸುವ ಕ್ರಮದಲ್ಲಿ ಒಂದೇ ಬದಲಾವಣೆ ಮಾಡಿದರೂ ಹೊಗೆ ಎದ್ದುಕಾಣುವಷ್ಟು ತಗ್ಗುತ್ತದೆ. ದಪ್ಪ ಸೌದೆ ಅಡಿಯಲ್ಲಿ, ಸಣ್ಣದು ಅದರ ಮೇಲೆ, ಪುಳ್ಳೆ ಎಲ್ಲಕ್ಕಿಂತ ಮೇಲೆ, ಬೆಂಕಿ ಮೇಲಿನಿಂದ. ಆಗ ಕೆಳಗಿನ ಸೌದೆ ಬಿಡುವ ಅನಿಲ ಮೇಲಿನ ಜ್ವಾಲೆಯನ್ನು ದಾಟಿಯೇ ಹೋಗಬೇಕು, ದಾಟುವಾಗ ಉರಿದುಹೋಗುತ್ತದೆ. ಅಡಿಯಿಂದ ಹಚ್ಚಿದರೆ ಮೇಲಿನ ತಣ್ಣನೆ ಸೌದೆ ಕಾದು ಹೊಗೆ ಬಿಡುತ್ತದೆ, ಆ ಹೊಗೆ ಉರಿಯಲು ಮೇಲೆ ಬೆಂಕಿಯೇ ಇರುವುದಿಲ್ಲ. ರಾತ್ರಿಯಿಡೀ ಉಳಿಯಲೆಂದು ಒಲೆ ತುಂಬ ಸೌದೆ ಪೇರಿಸಿ ಗಾಳಿ ಕಟ್ಟುವುದು ಮಾಡಬಾರದ ಕೆಲಸಗಳಲ್ಲಿ ಮೊದಲನೆಯದು. ಶಾಖ ಉಳಿಯಬೇಕೆಂದರೆ ಚಿಕ್ಕ, ಜೋರಾದ ಉರಿ ಹಾಕಿ ಅದನ್ನು ಕಲ್ಲು ಇಟ್ಟಿಗೆಯ ಭಾರದಲ್ಲಿ ಹಿಡಿದಿಡಬೇಕು; ಇಟ್ಟಿಗೆಯ ದೊಡ್ಡ ಒಲೆಗಳು ಇದೇ ತತ್ತ್ವದಲ್ಲಿ ಗಂಟೆಗಟ್ಟಲೆ ಬೆಚ್ಚಗಿರುತ್ತವೆ.

ಸ್ಟವ್‌ನ ಬಾಗಿಲಿನ ಸುತ್ತ ಇರುವ ನಾರಿನ ಹಗ್ಗ ಸವೆದರೆ ಗಾಳಿಯ ಹಿಡಿತ ಕೈತಪ್ಪುತ್ತದೆ. ಕಾಗದದ ಪಟ್ಟಿಯೊಂದನ್ನು ಅಂಚಿಗಿಟ್ಟು ಬಾಗಿಲು ಮುಚ್ಚಿ ಎಳೆದು ನೋಡಿ. ಸಲೀಸಾಗಿ ಜಾರಿಬಂದರೆ ಅಲ್ಲಿ ಹಗ್ಗ ಕೆಲಸ ಮಾಡುತ್ತಿಲ್ಲ. ಸುತ್ತಲೂ ಹೀಗೆ ನೋಡಬೇಕು. ಬದಲಿಸುವಾಗ ಮೊದಲಿನಷ್ಟೇ ದಪ್ಪದ ಹಗ್ಗ ಹಾಕಿ. ದಪ್ಪವಾದರೆ ಬಾಗಿಲು ಕೂರುವುದಿಲ್ಲ, ಗಾಜಿನ ಮೇಲೆ ಬಿಗಿ ಬಿದ್ದು ಸೀಳಬಹುದು.

ನೀಲಿ ಜ್ವಾಲೆಯೂ ಪೂರ್ತಿ ನಿರಪರಾಧಿಯಲ್ಲ

ಅಡುಗೆಯ ಗ್ಯಾಸ್ ಒಲೆಗೆ ಹೊಗೆಕೊಳವೆ ಇರುವುದಿಲ್ಲ, ಉರಿದದ್ದೆಲ್ಲ ಮನೆಯೊಳಗೇ. ಸೌದೆ ಒಲೆಗೆ ಹೋಲಿಸಿದರೆ ಇದು ಎಷ್ಟೋ ಶುಚಿ, ಅದನ್ನು ಮರೆಯುವಂತಿಲ್ಲ. ಕೊಳಕು ಇಂಧನದ ಅಡುಗೆ ಒಲೆಗಳಿಂದಾಗುವ ಮನೆಯೊಳಗಿನ ಮಾಲಿನ್ಯ 2020ರಲ್ಲಿ ಸುಮಾರು 32 ಲಕ್ಷ ಅಕಾಲ ಮರಣಕ್ಕೆ ಕಾರಣವಾಯಿತು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಸೌದೆ ಬಿಟ್ಟು ಗ್ಯಾಸಿಗೆ ಬಂದವರು ಹಿಂದಕ್ಕೆ ಹೋಗಬೇಕಾದ ಕಾರಣವೇ ಇಲ್ಲ. ಆದರೆ ಕಾದ ಜ್ವಾಲೆಯಲ್ಲಿ ಗಾಳಿಯ ಸಾರಜನಕ, ಆಮ್ಲಜನಕ ಕೂಡಿ ನೈಟ್ರೋಜನ್ ಡೈಆಕ್ಸೈಡ್ ಹುಟ್ಟುತ್ತದೆ, ಉರಿ ಎಷ್ಟೇ ನೀಲಿಯಾಗಿರಲಿ. ಅದು ಶ್ವಾಸನಾಳವನ್ನು ಕೆರಳಿಸುತ್ತದೆ. ಆಸ್ತಮಾ ಇರುವ ಮಕ್ಕಳಿರುವ ಮನೆಯಲ್ಲಿ ಇದು ಮುಖ್ಯ. ಚಿಮ್ನಿಯ ಗಾಳಿ ನಿಜಕ್ಕೂ ಹೊರಗೆ ಹೋಗಬೇಕು. ಫಿಲ್ಟರ್ ಮೂಲಕ ಸೋಸಿ ಮತ್ತೆ ಕೋಣೆಗೇ ಬಿಡುವ ಬಗೆಯಿಂದ ಜಿಡ್ಡು ಕಡಿಮೆಯಾಗಬಹುದು, ಮಾನಾಕ್ಸೈಡ್ ಹೋಗುವುದಿಲ್ಲ. ಹಿಂದಿನ ಬರ್ನರ್ ಮೇಲಿನ ಹೊಗೆ ಚಿಮ್ನಿಗೆ ಚೆನ್ನಾಗಿ ಸಿಗುತ್ತದೆ, ಮುಂದಿನದು ಅಂಚಿನಿಂದ ತಪ್ಪಿಸಿಕೊಳ್ಳುತ್ತದೆ. ಹೆಚ್ಚು ಹೊತ್ತಿನ ಅಡುಗೆ ಹಿಂದೆ ಇರಲಿ.

ಫರ್ನೇಸ್ ಇರುವ ಚಳಿದೇಶದ ಮನೆಗಳಲ್ಲಿ ಹೊಸ ಕಂಡೆನ್ಸಿಂಗ್ ಬಗೆ 90 ಶೇಕಡಾ ಮೀರಿದ ದಕ್ಷತೆಯದು. ಹೊಗೆಯಲ್ಲಿನ ನೀರಾವಿಯನ್ನೂ ತಣಿಸಿ ಅದರ ಶಾಖ ಹಿಂಪಡೆಯುತ್ತದೆ. ಆ ನೀರು ಆಮ್ಲೀಯ. ಅದು ಹರಿಯುವ ಸಣ್ಣ ಕೊಳವೆ ಕಟ್ಟಿದರೆ ಒತ್ತಡದ ಸ್ವಿಚ್ ಫರ್ನೇಸನ್ನು ನಿಲ್ಲಿಸುತ್ತದೆ. ಚಳಿಗಾಲದ ನಡುವೆ ಬರುವ ರಿಪೇರಿ ಕರೆಗಳಲ್ಲಿ ಇದು ಮಾಮೂಲು. ಹೊತ್ತಿಕೊಂಡು ಕೆಲವೇ ಸೆಕೆಂಡಿಗೆ ಆರಿಹೋದರೆ ಜ್ವಾಲೆ ಗ್ರಹಿಸುವ ಕಡ್ಡಿಯ ಮೇಲೆ ಪದರ ಕಟ್ಟಿರುತ್ತದೆ. ನಯವಾದ ಉಜ್ಜುಕಾಗದದಿಂದ ಒರೆಸಿದರೆ ಸಾಕು. ಗಾಳಿ ಬೀಸುವ ಫ್ಯಾನ್ ಶುರುವಾದ ಕೂಡಲೇ ಜ್ವಾಲೆ ಅಲುಗಿದರೆ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಶಾಖ ವಿನಿಮಯದ ಲೋಹ ಬಿರಿದಿರಬಹುದು, ಮನೆಗೆ ಹರಿಯುವ ಗಾಳಿ ಮತ್ತು ಹೊಗೆ ಬೆರೆಯುತ್ತಿರಬಹುದು.

ಎಚ್ಚರಿಕೆಯ ಗಂಟೆ ಮತ್ತು ಅದರ ಮಿತಿ

ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಸಾದಾ ಗಾಳಿ ಉಸಿರಾಡುತ್ತಿದ್ದರೆ ಅದರಲ್ಲಿ ಅರ್ಧ ಬಿಡಲು ನಾಲ್ಕೈದು ಗಂಟೆ ಬೇಕು. ತಲೆನೋವು, ಓಕರಿಕೆ, ಸುಸ್ತು, ಆದರೆ ಜ್ವರವಿಲ್ಲ. ಮನೆಯ ಹಲವರಿಗೆ ಒಟ್ಟಿಗೇ. ಹೊರಗೆ ಹೋದಾಗ ವಾಸಿ, ಒಳಗೆ ಬಂದಾಗ ಮತ್ತೆ. ಇಷ್ಟು ಕಂಡರೆ ಮೊದಲು ಎಲ್ಲರೂ ಹೊರಗೆ, ಆಮೇಲೆ ಆಸ್ಪತ್ರೆಗೆ, ಅಲ್ಲಿ ಮಾನಾಕ್ಸೈಡ್ ಶಂಕೆಯನ್ನು ಬಾಯಿಬಿಟ್ಟು ಹೇಳಬೇಕು. ಬೆರಳಿಗೆ ಹಾಕುವ ಸಾಮಾನ್ಯ ಪಲ್ಸ್ ಆಕ್ಸಿಮೀಟರ್‌ಗೆ ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ನೂ ಆಮ್ಲಜನಕ ಹಿಡಿದದ್ದೂ ಒಂದೇ ಆಗಿ ಕಾಣುತ್ತದೆ. 98 ತೋರಿಸಿತೆಂದು ನಂಬಿ ಮನೆಯಲ್ಲೇ ಉಳಿಯುವುದು ಘಾತಕ.

ಮಾನಾಕ್ಸೈಡ್ ಅಲಾರ್ಮ್ ಬೇಕೇ ಬೇಕು, ಆದರೆ ಅದು ಯಾವಾಗ ಕೂಗುತ್ತದೆ ಎಂಬುದು ಗೊತ್ತಿರಲಿ. ಅಮೆರಿಕದ ಯುಎಲ್ 2034 ಮಾನದಂಡದ ಪ್ರಕಾರ 400 ಪಿಪಿಎಂಗೆ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 400 ಪಾಲು ಮಾನಾಕ್ಸೈಡ್) 4ರಿಂದ 15 ನಿಮಿಷದೊಳಗೆ, 150ಕ್ಕೆ 10ರಿಂದ 50 ನಿಮಿಷದೊಳಗೆ, 70ಕ್ಕೆ 1ರಿಂದ 4 ಗಂಟೆಯೊಳಗೆ ಕೂಗಬೇಕು. 30 ಪಿಪಿಎಂನಲ್ಲಿ 30 ದಿನ ಇಟ್ಟರೂ ಕೂಗಬಾರದು. ಇತ್ತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 24 ಗಂಟೆಗಳ ಸರಾಸರಿಗೆ ಕೊಟ್ಟ ಮಾರ್ಗಸೂಚಿ ಘನ ಮೀಟರಿಗೆ 4 ಮಿಲಿಗ್ರಾಂ, ಅಂದರೆ ಮೂರೂವರೆ ಪಿಪಿಎಂ. ಅಲಾರ್ಮ್ ಸಾವನ್ನು ತಡೆಯಲು ರೂಪಿಸಿದ್ದು, ಗಾಳಿ ಚೆನ್ನಾಗಿದೆ ಎಂದು ಹೇಳಲು ಅಲ್ಲ. ಗರ್ಭಿಣಿಯರು, ಹೃದಯದ ಕಾಯಿಲೆಯವರು ಇರುವ ಮನೆಗೆ ಕಡಿಮೆ ಮಟ್ಟವನ್ನೂ ಅಂಕಿಯಲ್ಲಿ ತೋರಿಸುವ ಬಗೆ ಒಳ್ಳೆಯದು.

ಮಾನಾಕ್ಸೈಡ್‌ನ ತೂಕ ಹೆಚ್ಚುಕಡಿಮೆ ಗಾಳಿಯದೇ, ಹಾಗಾಗಿ ಅಲಾರ್ಮ್ ಎಷ್ಟು ಎತ್ತರದಲ್ಲಿದೆ ಎಂಬುದಕ್ಕಿಂತ ಮಲಗುವ ಕೋಣೆಯ ಹತ್ತಿರ ಇದೆಯೇ ಎಂಬುದು ಮುಖ್ಯ. ಎಲ್‌ಪಿಜಿ ಸೋರಿಕೆ ಹಿಡಿಯುವ ಯಂತ್ರ ಬೇರೆಯದು. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಅದು ನೆಲದ ಬಳಿ ಇರಬೇಕು. ಒಂದು ಇದ್ದರೆ ಇನ್ನೊಂದು ಬೇಡ ಎಂದಲ್ಲ. ಅಲಾರ್ಮ್‌ನ ಗುಂಡಿ ಒತ್ತಿದಾಗ ಪರೀಕ್ಷೆಯಾಗುವುದು ಬ್ಯಾಟರಿ, ಸದ್ದು ಮತ್ತು ಸರ್ಕ್ಯೂಟ್. ಒಳಗಿನ ಸಂವೇದಕ ಬದುಕಿದೆಯೇ ಎಂಬುದು ಅದರಿಂದ ತಿಳಿಯದು. ಅದಕ್ಕೆ 5ರಿಂದ 10 ವರ್ಷದ ಆಯಸ್ಸು. ಹಿಂಭಾಗದ ದಿನಾಂಕ ನೋಡಿ ಬದಲಿಸಬೇಕು.

ಉರಿಸದೆ ಬಿಸಿಮಾಡುವುದು

ಮನೆ ಬಿಗಿಯಾಗುತ್ತಲೇ ಹೋಗುವುದಾದರೆ ಒಳಗೆ ಏನನ್ನೂ ಉರಿಸದಿರುವುದೇ ನೇರ ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ವಿದ್ಯುತ್ ಹೀಟರ್‌ಗಳಲ್ಲಿ ಎಣ್ಣೆ ತುಂಬಿದ್ದು, ಫ್ಯಾನ್ ಇರುವುದು, ಕೆಂಪಗೆ ಹೊಳೆಯುವುದು ಯಾವುದೇ ಆಗಲಿ, 1 ಯೂನಿಟ್‌ಗೆ ಕೊಡುವ ಶಾಖ ಒಂದೇ. 'ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಬಿಸಿ' ಎಂಬ ಜಾಹೀರಾತು ಇವುಗಳ ಮಟ್ಟಿಗೆ ಸುಳ್ಳು. ವ್ಯತ್ಯಾಸವಿರುವುದು ಹಂಚುವ ರೀತಿಯಲ್ಲಿ: ಎದುರಿಗೆ ಕೂತವರನ್ನು ಮಾತ್ರ ಬೆಚ್ಚಗಿಡಲು ಹೊಳೆಯುವ ಬಗೆ, ಇಡೀ ಕೋಣೆಗೆ ಎಣ್ಣೆಯದು. ಹೀಟ್ ಪಂಪ್ ಬೇರೆ ಜಾತಿಯದು. ಅದು ಹೊರಗಿನ ಗಾಳಿಯ ಶಾಖವನ್ನು ಒಳಕ್ಕೆ ಸಾಗಿಸುವುದರಿಂದ ಹದವಾದ ಚಳಿಯಲ್ಲಿ 1 ಯೂನಿಟ್‌ಗೆ 3 ಯೂನಿಟ್‌ನಷ್ಟು ಶಾಖ ಕೊಡುತ್ತದೆ. ಚಳಿ ಹೆಚ್ಚಾದಂತೆ ಈ ಲಾಭ ಇಳಿಯುತ್ತದೆ.

ವಿದ್ಯುತ್ತಿನ ಅಪಾಯ ಪ್ಲಗ್ಗಿನಲ್ಲಿದೆ. 230 ವೋಲ್ಟಿನಲ್ಲಿ 2 ಕಿಲೋವ್ಯಾಟ್ ಹೀಟರ್ 8.7 ಆಂಪಿಯರ್ ಎಳೆಯುತ್ತದೆ. ಸಾಕೆಟ್ಟಿನ ಹಿಡಿತ ಸಡಿಲವಾಗಿ ಅಲ್ಲಿ 0.1 ಓಮ್ ತಡೆ ಬಂದರೆ ಪಿನ್ನಿನಷ್ಟು ಜಾಗದಲ್ಲೇ ಏಳೂವರೆ ವ್ಯಾಟ್ ಶಾಖ, ಅದೂ ಗಂಟೆಗಟ್ಟಲೆ. ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗುವುದು, ಆಮೇಲೆ ಹೊತ್ತಿಕೊಳ್ಳುವುದು ಹೀಗೆ. ಹೀಟರ್ ಅರ್ಧ ಗಂಟೆ ಓಡಿದ ಮೇಲೆ ಅದನ್ನು ಆರಿಸಿ, ಪ್ಲಗ್ ಕಿತ್ತು, ಅದರ ಪ್ಲಾಸ್ಟಿಕ್ ಮೈಯನ್ನು ಮುಟ್ಟಿ ನೋಡಿ: ಬೆಚ್ಚಗಿದ್ದರೆ ಪರವಾಗಿಲ್ಲ, ಕೈಯಿಡಲಾಗದಷ್ಟು ಬಿಸಿ ಇದ್ದರೆ ಸಾಕೆಟ್ ಬದಲಿಸಬೇಕು, ಪ್ಲಗ್ ಒಂದನ್ನೇ ಬದಲಿಸಿದರೆ ಸಾಲದು. ಹೀಟರನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸದೆ, 16 ಆಂಪಿಯರ್‌ನ ಗೋಡೆಯ ಸಾಕೆಟ್ಟಿಗೇ ನೇರವಾಗಿ ಕೊಡಿ.